ಹದಿನೈದರ ಹುಡುಗ ಕೊಟ್ಟ ಮಾತು

‘ಇದನ್ನೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ? ನಿನಗಾಗಿ ತಾನೆ?’

ಮಕ್ಕಳಿರುವ ಯಾವ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಈ ಮಾತು ಕೇಳಿಬರುತ್ತದೆ. ಸಾಲ ಮಾಡಿ ಫೀಸು ಕಟ್ಟಿದ ತಂದೆ ಇದನ್ನು ಆಡುತ್ತಾನೆ; ಸೈಟು ಕೊಂಡು, ಸಿಮೆಂಟು ಕಬ್ಬಿಣದ ಲೆಕ್ಕದಲ್ಲಿ ನಿದ್ದೆಗೆಟ್ಟ ತಂದೆಯೂ ಆಡುತ್ತಾನೆ. ಮಾತಿನಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಒಬ್ಬ ಮನುಷ್ಯನನ್ನು ಕಣ್ಣೆದುರೇ ಸಾಯಲು ಬಿಟ್ಟು, ಹೆಣವನ್ನು ಕಾಂಕ್ರೀಟಿನಡಿ ಮುಚ್ಚಿದ ತಂದೆಯೊಬ್ಬ ಇದೇ ಮಾತನ್ನು, ಇಷ್ಟೇ ಪ್ರಾಮಾಣಿಕವಾಗಿ ಆಡಿದರೆ? ಆಗ ಮಗ ಏನು ಮಾಡಬೇಕು?

ಬೆಲ್ಜಿಯಂ ದೇಶದ ಒಂದು ಚಲನಚಿತ್ರ ಈ ಪ್ರಶ್ನೆಯನ್ನು ನೋಡುವವರ ಮಡಿಲಿಗೆ ಹಾಕಿ ಸುಮ್ಮನಾಗುತ್ತದೆ. ಹೆಸರು ‘ಲಾ ಪ್ರೊಮೆಸ್’. ಫ್ರೆಂಚ್ ಭಾಷೆಯ ಈ ಹೆಸರಿಗೆ ‘ಕೊಟ್ಟ ಮಾತು’ ಎಂದರ್ಥ. ಜಾನ್ ಪಿಯೇರ್ ದಾರ್ದೆನ್ ಮತ್ತು ಲುಕ್ ದಾರ್ದೆನ್ ಎಂಬ ಅಣ್ಣತಮ್ಮಂದಿರು ಕೂಡಿ ಬರೆದು ನಿರ್ದೇಶಿಸಿದ ಈ ಚಿತ್ರ 1996ರಲ್ಲಿ ಕಾನ್ ಚಿತ್ರೋತ್ಸವದ ‘ಡೈರೆಕ್ಟರ್ಸ್ ಫೋರ್ಟ್‌ನೈಟ್’ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಅಲ್ಲಿಯವರೆಗೆ ಈ ಸೋದರರ ಹೆಸರು ಅವರ ನಾಡಿನ ಆಚೆಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಮುಂದೆ ‘ರೊಸೆಟ್ಟಾ’ (1999) ಮತ್ತು ‘ಲಾಂಫಾಂ’ (2005) ಚಿತ್ರಗಳಿಗೆ ಎರಡು ಸಲ ಕಾನ್‌ನ ಅತ್ಯುನ್ನತ ಪ್ರಶಸ್ತಿಯಾದ ‘ಸ್ವರ್ಣ ತಾಳೆ’ಯನ್ನು ಪಡೆದು ಅವರು ಜಗತ್ಪ್ರಸಿದ್ಧರಾದರು. ಆದರೂ ಶಾಲೆ ಕಾಲೇಜಿನ ಮಕ್ಕಳು ಅಪ್ಪ ಅಮ್ಮನೊಂದಿಗೆ ಕುಳಿತು ನೋಡಿ, ಆಮೇಲೆ ಒಂದು ಗಂಟೆ ಮಾತನಾಡಬೇಕಾದ ಚಿತ್ರ ಯಾವುದೆಂದು ಕೇಳಿದರೆ, ಈ ಒಂದೂವರೆ ಗಂಟೆಯ ‘ಲಾ ಪ್ರೊಮೆಸ್’ ಅನ್ನೇ ಮೊದಲು ಹೇಳಬೇಕಾಗುತ್ತದೆ. ಹಾಡಿಲ್ಲ, ಕುಣಿತವಿಲ್ಲ, ಕಣ್ಣೀರು ಹಿಂಡುವ ಹಿನ್ನೆಲೆ ಸಂಗೀತವೂ ಇಲ್ಲ. ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲದ ಕೆಲವು ದೃಶ್ಯಗಳಿರುವುದರಿಂದ ಹೈಸ್ಕೂಲಿನ ಕೊನೆಯ ವರ್ಷಗಳವರೆಗೆ ಕಾಯುವುದು ಮೇಲು.

ಕತೆ ನಡೆಯುವುದು ಮ್ಯೂಸ್ ನದಿಯ ದಂಡೆಯ ಸೆರಾಂಗ್ ಎಂಬ ಊರಿನ ಸುತ್ತಮುತ್ತ. ಲಿಯೇಜ್ ಪಟ್ಟಣಕ್ಕೆ ಅಂಟಿಕೊಂಡಂತಿರುವ ಈ ಊರಿನಲ್ಲಿ ಜಾನ್ ಕಾಕರಿಲ್ ಎಂಬ ಉದ್ಯಮಿ 1817ರಲ್ಲಿ ಕಾರ್ಖಾನೆ ಆರಂಭಿಸಿದ. ಕಲ್ಲಿದ್ದಲು, ಕಬ್ಬಿಣ, ಉಗಿಯಂತ್ರಗಳಿಂದ ಯುರೋಪಿನ ದೊಡ್ಡ ಕೈಗಾರಿಕಾ ಕೇಂದ್ರಗಳಲ್ಲಿ ಒಂದಾಗಿ ಬೆಳೆದ ಊರು, ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಣಿಗಳು ಮುಚ್ಚಿ, ಉಕ್ಕಿನ ಕೆಲಸ ಕುಗ್ಗಿ ಸೊರಗಿಹೋಯಿತು. 2016ರಲ್ಲಿ ಅಲ್ಲಿನ ಆರನೆಯ ನಂಬರಿನ ಭಾರಿ ಊದುಕುಲುಮೆಯನ್ನೂ ಉರುಳಿಸಿದರು. ಆ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ದಾರ್ದೆನ್ ಸೋದರರು 1970ರ ದಶಕದಲ್ಲಿ ವಿಡಿಯೊ ಕ್ಯಾಮೆರಾ ಹಿಡಿದು ಕಾರ್ಮಿಕರ ಕುರಿತು ಸಾಕ್ಷ್ಯಚಿತ್ರಗಳನ್ನು ಮಾಡುತ್ತ ಈ ಕಲೆ ಕಲಿತವರು. ಆದ್ದರಿಂದಲೇ ಅವರ ಚಿತ್ರದಲ್ಲಿ ಬಡತನ ಅಲಂಕಾರವಾಗಿ ಬರುವುದಿಲ್ಲ. ಬಾಡಿಗೆ ಎಷ್ಟು, ಕೂಲಿ ಎಷ್ಟು ಎಂಬ ಲೆಕ್ಕವಾಗಿ ಬರುತ್ತದೆ.

ಇಗೋರ್ ಹದಿನೈದು ವರ್ಷದ ಹುಡುಗ. ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುತ್ತಿದ್ದಾನೆ. ಚಿತ್ರದ ಮೊದಲ ದೃಶ್ಯದಲ್ಲಿ ಒಬ್ಬ ಮುದುಕಿಯ ಕಾರನ್ನು ನೋಡಿಕೊಡುವ ನೆಪದಲ್ಲಿ ಅವಳ ಪರ್ಸು ಕದಿಯುತ್ತಾನೆ. ಕದ್ದದ್ದು ತಾನಲ್ಲ ಎಂಬಂತೆ ಅವಳಿಗೇ ಸಮಾಧಾನದ ಮಾತೂ ಹೇಳುತ್ತಾನೆ. ಕೆಲಸದ ಮಧ್ಯೆ ಹೊರಗೆ ವ್ಯಾನಿನ ಹಾರ್ನ್ ಕೇಳಿದರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಾನೆ. ವ್ಯಾನಿನಲ್ಲಿರುವವನು ತಂದೆ ರೋಜರ್. ಹೀಗೆ ಓಡಿ ಓಡಿಯೇ ಗ್ಯಾರೇಜಿನ ಕೆಲಸ ಕಳೆದುಕೊಳ್ಳುತ್ತಾನೆ. ರೋಜರನ ದಂಧೆ ಕಾಗದಪತ್ರಗಳಿಲ್ಲದ ವಿದೇಶಿಯರನ್ನು ಗುಟ್ಟಾಗಿ ಕರೆತರುವುದು. ಅವರು ಬರುವುದು ಕಾರು ಸಾಗಿಸುವ ಲಾರಿಯ ಮೇಲಿನ ಕಾರುಗಳಲ್ಲಿ ಅಡಗಿ ಕುಳಿತು. ಹಾಗೆ ಬಂದವರಿಗೆ ಅವನು ಕಿಷ್ಕಿಂಧೆಯಂಥ ಕೋಣೆಗಳನ್ನು ದುಬಾರಿ ಬಾಡಿಗೆಗೆ ಕೊಡುತ್ತಾನೆ. ಕಳ್ಳ ದಾಖಲೆ ಮಾಡಿಸಿಕೊಡುತ್ತಾನೆ. ಅವರಿಂದಲೇ ತನ್ನ ಸ್ವಂತ ಮನೆ ಕಟ್ಟಿಸಿಕೊಳ್ಳುತ್ತಾನೆ. ಬೇಕೆನಿಸಿದಾಗ ಕೆಲವರನ್ನು ಪೊಲೀಸರಿಗೂ ಹಿಡಿದುಕೊಡುತ್ತಾನೆ. ಬಾಡಿಗೆ ವಸೂಲಿ, ಲೆಕ್ಕ ಬರೆಯುವುದು, ಪಾಸ್‌ಪೋರ್ಟುಗಳನ್ನು ತೆಗೆದಿಡುವುದು, ಇವೆಲ್ಲ ಇಗೋರನ ಪಾಲಿನ ಕೆಲಸ. ಗ್ಯಾರೇಜಿನಲ್ಲಿ ಕಲಿಯಬೇಕಾದ ಹುಡುಗ ಕಲಿತದ್ದು ಇದನ್ನು.

ಆ ಕಟ್ಟಡದಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಹಮೀದು ಎಂಬ ಕೂಲಿಯಿದ್ದಾನೆ. ಅವನ ಹೆಂಡತಿ ಅಸೀತಾ ಎಳೆಯ ಮಗುವನ್ನು ಎತ್ತಿಕೊಂಡು ಆಗತಾನೆ ಬಂದು ಸೇರಿದ್ದಾಳೆ. ಒಂದು ದಿನ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರುಗಳು ತಪಾಸಣೆಗೆ ಬರುತ್ತಾರೆ. ಇಗೋರ್ ಓಡಿಹೋಗಿ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತಾನೆ. ಗಡಿಬಿಡಿಯಲ್ಲಿ ಇಳಿಯಹೋದ ಹಮೀದು ಸಾರುವೆಯಿಂದ ಕೆಳಗೆ ಬೀಳುತ್ತಾನೆ. ಪ್ರಜ್ಞೆ ಜಾರುವ ಮುನ್ನ ಅವನು ಹುಡುಗನಿಂದ ಒಂದು ಮಾತು ತೆಗೆದುಕೊಳ್ಳುತ್ತಾನೆ: ಹೆಂಡತಿಯನ್ನೂ ಮಗುವನ್ನೂ ನೋಡಿಕೊಳ್ಳಬೇಕು. ಇಗೋರ್ ಮಾತು ಕೊಡುತ್ತಾನೆ. ತನ್ನ ಸೊಂಟದ ಬೆಲ್ಟನ್ನು ಬಿಚ್ಚಿ, ರಕ್ತ ಸುರಿಯುತ್ತಿರುವ ಕಾಲಿಗೆ ಬಿಗಿಯುತ್ತಾನೆ. ಆಸ್ಪತ್ರೆಗೆ ಒಯ್ಯೋಣ ಎನ್ನುತ್ತಾನೆ. ಅಷ್ಟರಲ್ಲಿ ಬಂದ ತಂದೆ ಆ ಬೆಲ್ಟನ್ನು ಬಿಚ್ಚಿಬಿಡುತ್ತಾನೆ.

ಇಡೀ ಚಿತ್ರದ ಭಾರ ಈ ಒಂದು ಕ್ರಿಯೆಯ ಮೇಲೆ ನಿಂತಿದೆ. ರೋಜರ್ ಯಾರನ್ನೂ ಇರಿಯಲಿಲ್ಲ, ತಳ್ಳಲಿಲ್ಲ. ಕಟ್ಟಿದ್ದ ಒಂದು ಪಟ್ಟಿಯನ್ನು ಬಿಚ್ಚಿದ, ಅಷ್ಟೆ. ಆದರೆ ವಿಜ್ಞಾನದ ಪುಸ್ತಕ ಓದಿದ ಯಾವ ವಿದ್ಯಾರ್ಥಿಗಾದರೂ ಅದರ ಅರ್ಥ ತಿಳಿಯುತ್ತದೆ. ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು 5 ಲೀಟರ್. ಅದರಲ್ಲಿ 2 ಲೀಟರಿನಷ್ಟು ಹೊರಟುಹೋದರೆ ಮೆದುಳಿಗೂ ಹೃದಯಕ್ಕೂ ಬೇಕಾದ ಆಮ್ಲಜನಕ ಸಾಲದೆ ಜೀವಕ್ಕೆ ಅಪಾಯ. ತೊಡೆಯ ದೊಡ್ಡ ಅಪಧಮನಿ ಹರಿದರೆ ಇದಕ್ಕೆ ಕೆಲವೇ ನಿಮಿಷ ಸಾಕು. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಕೈ ತೆಗೆಯದೆ ಬಲವಾಗಿ ಒತ್ತಿ ಹಿಡಿಯುವುದು ಮೊದಲ ಉಪಾಯ. ಅದಕ್ಕೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಬಿಗಿಯಾದ ಕಟ್ಟು. ಹದಿನೈದರ ಹುಡುಗನಿಗೆ ತೋಚಿದ ಈ ಸರಳ ಉಪಾಯ ತಂದೆಗೆ ತಿಳಿಯದೆ ಇರಲಿಲ್ಲ. ತಿಳಿದೇ ಬಿಚ್ಚಿದ. ಆಸ್ಪತ್ರೆಗೆ ಹೋದರೆ ಹೆಸರು ಕೇಳುತ್ತಾರೆ, ವಿಳಾಸ ಕೇಳುತ್ತಾರೆ, ಎಲ್ಲಿ ಬಿದ್ದ ಎಂದು ಕೇಳುತ್ತಾರೆ. ಮೂರು ಪ್ರಶ್ನೆಗಳಿಗೆ ಹೆದರಿ ಒಂದು ಪ್ರಾಣವನ್ನು ಬಿಡಲಾಯಿತು.

ಇಲ್ಲಿ ಗಮನಿಸಬೇಕಾದ ವಿಪರ್ಯಾಸವೊಂದಿದೆ. ಕಾರ್ಮಿಕ ಇಲಾಖೆಯ ತಪಾಸಣೆ ಇರುವುದೇ ಕೂಲಿಕಾರರ ರಕ್ಷಣೆಗಾಗಿ. ಸಾರುವೆ ಭದ್ರವಾಗಿದೆಯೆ, ಕೂಲಿ ಸರಿಯಾಗಿ ಸಿಗುತ್ತಿದೆಯೆ ಎಂದು ಕೇಳಬೇಕಾದವರು ಆ ಅಧಿಕಾರಿಗಳು. ಆದರೆ ಕಾಗದವಿಲ್ಲದವನಿಗೆ ಅವರೇ ಯಮದೂತರಂತೆ ಕಾಣುತ್ತಾರೆ. ಸಿಕ್ಕಿಬಿದ್ದರೆ ಮಾಲೀಕನಿಗೆ ದಂಡವಾಗಬಹುದು, ಕೂಲಿಗೆ ಗಡೀಪಾರು. ಆದ್ದರಿಂದ ತನ್ನನ್ನು ಕಾಯಬೇಕಾದ ಕಾನೂನು ಬಂದಾಗ ಅವನು ಸಾರುವೆಯಿಂದ ಹಾರುತ್ತಾನೆ. ತನ್ನನ್ನು ಸುಲಿಯುವವನ ಬೆನ್ನ ಹಿಂದೆಯೇ ಅಡಗುತ್ತಾನೆ. ರೋಜರನ ಬಂಡವಾಳ ಹಣವಲ್ಲ, ಈ ಭಯ.

ರಾತ್ರಿ ತಂದೆ ಮಗ ಸೇರಿ ಹಮೀದುವಿನ ದೇಹವನ್ನು ಕಟ್ಟುತ್ತಿರುವ ಮನೆಯ ಹಿಂಬದಿಯಲ್ಲಿ ಹೂತು, ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಸಿಮೆಂಟು ‘ಒಣಗಿ’ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ನಿಜದಲ್ಲಿ ಅದು ಒಣಗುವುದಲ್ಲ. ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವುದು. ಆದ್ದರಿಂದಲೇ ನೀರಿನೊಳಗೂ ಅದು ಬಿಗಿಯುತ್ತದೆ. ಮೇಲೆ ನಡೆದಾಡುವಷ್ಟು ಗಟ್ಟಿಯಾದ ಮೇಲೂ ಒಳಗೆ ಆ ಕ್ರಿಯೆ ತಿಂಗಳುಗಟ್ಟಲೆ ಸಾಗುತ್ತಿರುತ್ತದೆ. ಹುಡುಗನೊಳಗೆ ಸಾಗುವುದೂ ಇಂಥದೇ. ಮೇಲುನೋಟಕ್ಕೆ ಅವನು ಹಿಂದಿನ ಇಗೋರನೇ. ವ್ಯಾನು ಓಡಿಸುತ್ತಾನೆ, ಬಾಡಿಗೆ ಕೇಳುತ್ತಾನೆ, ಗೆಳೆಯರೊಡನೆ ಗೋ-ಕಾರ್ಟ್ ಬಂಡಿ ಕಟ್ಟುತ್ತಾನೆ. ಆದರೆ ಅಸೀತಾಳ ಕೋಣೆಯ ಬಾಗಿಲನ್ನು ದಾಟಿ ಹೋಗಲು ಅವನಿಂದ ಆಗುವುದಿಲ್ಲ.

ಗಂಡ ಜೂಜಿನ ಸಾಲಕ್ಕೆ ಹೆದರಿ ಓಡಿಹೋದ ಎಂದು ರೋಜರ್ ಅಸೀತಾಳಿಗೆ ಹೇಳುತ್ತಾನೆ. ಅವಳು ನಂಬುವುದಿಲ್ಲ. ಇಲ್ಲಿಯೇ ಕಾಯುತ್ತೇನೆ ಎನ್ನುತ್ತಾಳೆ. ಅವಳನ್ನು ಊರು ಬಿಡಿಸಲು ಅವನು ಒಂದರ ಮೇಲೊಂದು ಸಂಚು ಹೂಡುತ್ತಾನೆ. ಕಡೆಗೆ ಗಂಡನ ಹೆಸರಿನಲ್ಲಿ ಜರ್ಮನಿಯ ಕಲೋನ್ ಪಟ್ಟಣದಿಂದ ಸುಳ್ಳು ತಂತಿ ಬರುವಂತೆ ಮಾಡುತ್ತಾನೆ. ಅಲ್ಲಿ ಅವಳನ್ನು ಮಾರಿಬಿಡುವುದು ಅವನ ಉದ್ದೇಶ. ಆಗ ಇಗೋರ್ ವ್ಯಾನಿನಲ್ಲಿ ಅವಳನ್ನೂ ಮಗುವನ್ನೂ ಕೂರಿಸಿಕೊಂಡು ತಂದೆಯಿಂದ ತಪ್ಪಿಸಿಕೊಂಡು ಹೊರಡುತ್ತಾನೆ.

ಅಸೀತಾ ಮರುಕ ಬೇಡುವ ಹೆಂಗಸಲ್ಲ. ಹಣೆಗೆ ಕೈಹಚ್ಚಿ ಕೂರುವವಳಲ್ಲ. ಅವಳಿಗೆ ತನ್ನ ದೈವಗಳಿವೆ, ಹಿರಿಯರ ನೆನಪಿನ ಮರದ ಬೊಂಬೆಯಿದೆ, ಕೋಳಿಯ ಕರುಳು ನೋಡಿ ಶಕುನ ತಿಳಿಯುವ ಪದ್ಧತಿಯಿದೆ. ಹುಡುಗನ ಮೇಲೂ ಅವಳಿಗೆ ನಂಬಿಕೆಯಿಲ್ಲ. ಸಿಟ್ಟು ಬಂದಾಗ ಚಾಕು ಹಿಡಿಯುತ್ತಾಳೆ. ಮಗುವಿಗೆ ಜ್ವರ ಬರುತ್ತದೆ. ಆಸ್ಪತ್ರೆಯಲ್ಲಿ ಕಸ ಗುಡಿಸುವ ಆಫ್ರಿಕನ್ ಮಹಿಳೆಯೊಬ್ಬಳು ನೆರವಿಗೆ ಬರುತ್ತಾಳೆ. ಬೀದಿಯ ಪುಂಡರು ಅವಳನ್ನು ಅವಮಾನಿಸಿ ಬೊಂಬೆಯನ್ನು ಮುರಿದುಹಾಕುತ್ತಾರೆ. ಇಗೋರ್ ಕುಳಿತು ಅದನ್ನು ಜೋಡಿಸುತ್ತಾನೆ. ಕದಿಯುವುದನ್ನು ಕಲಿತ ಕೈ ಮೊದಲ ಬಾರಿಗೆ ಬೇರೆಯವರದೊಂದು ವಸ್ತುವನ್ನು ಸರಿಮಾಡಿ ಹಿಂದಿರುಗಿಸುತ್ತದೆ. ಈ ಬಗ್ಗೆ ಚಿತ್ರದಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ.

ರೋಜರನನ್ನು ರಾಕ್ಷಸನಂತೆ ಚಿತ್ರಿಸಿದ್ದರೆ ಈ ಕತೆ ಇಷ್ಟು ಕಾಡುತ್ತಿರಲಿಲ್ಲ. ಅವನು ಮಗನನ್ನು ಪ್ರೀತಿಸುತ್ತಾನೆ. ತನ್ನಂಥದೇ ಉಂಗುರ ತೊಡಿಸುತ್ತಾನೆ, ತೋಳಿಗೆ ಹಚ್ಚೆ ಹಾಕುತ್ತಾನೆ, ಜೊತೆಯಲ್ಲಿ ಹಾಡುತ್ತಾನೆ. ‘ಅಪ್ಪ ಅನ್ನಬೇಡ, ರೋಜರ್ ಅನ್ನು’ ಎಂದು ತಾಕೀತು ಮಾಡುತ್ತಾನೆ. ಸಲಿಗೆಯಂತೆ ಕಾಣುವ ಈ ಮಾತಿನ ಒಳಗುಟ್ಟು ಬೇರೆ. ಅಪ್ಪ ಎಂದರೆ ಜವಾಬ್ದಾರಿ, ರೋಜರ್ ಎಂದರೆ ಪಾಲುದಾರ. ಹಾಗೆಯೇ ಬೆಲ್ಟಿನಿಂದ ಹೊಡೆಯುವವನೂ ಅವನೇ. ಹೊಡೆದು ಮರುಗಳಿಗೆಯಲ್ಲಿ ಕಚಗುಳಿ ಇಟ್ಟು ನಗಿಸುವವನೂ ಅವನೇ. ಪ್ರಹ್ಲಾದನ ಕತೆ ಕೇಳಿ ಬೆಳೆದ ಮಕ್ಕಳಿಗೆ ತಂದೆಯ ಮಾತು ಮೀರಿದ ಮಗ ಹೊಸಬನಲ್ಲ. ಆದರೆ ಪ್ರಹ್ಲಾದನಿಗೆ ಒಂದು ಅನುಕೂಲವಿತ್ತು. ಎದುರಿಗಿದ್ದವನು ವಿಷವಿಕ್ಕಿದ, ಬೆಟ್ಟದಿಂದ ನೂಕಿಸಿದ ಹಿರಣ್ಯಕಶಿಪು. ಸರಿ ಯಾವುದು, ತಪ್ಪು ಯಾವುದು ಎಂಬಲ್ಲಿ ಗೊಂದಲವಿರಲಿಲ್ಲ. ಕೈಹಿಡಿಯಲು ದೇವರೂ ಇದ್ದ. ಉಂಗುರ ತೊಡಿಸಿದ ಕೈಯನ್ನು ಬಿಡಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಇಗೋರನಿಗೆ ಕಂಬದಿಂದ ಯಾರೂ ಹೊರಬರುವುದಿಲ್ಲ.

ಕೊನೆಯ ಭಾಗದಲ್ಲಿ ರೋಜರ್ ಅವರನ್ನು ಗ್ಯಾರೇಜಿನಲ್ಲಿ ಹಿಡಿಯುತ್ತಾನೆ. ಮಗ ತಂದೆಯ ಕಾಲಿಗೆ ಸರಪಳಿ ಬಿಗಿದು ಕಟ್ಟಿಹಾಕುತ್ತಾನೆ. ನೆಲದ ಮೇಲೆ ಬಿದ್ದ ತಂದೆ ಆಗ ಆ ಮಾತು ಆಡುತ್ತಾನೆ: ಆ ಮನೆ, ಈ ದುಡ್ಡು, ಎಲ್ಲವೂ ನಿನಗಾಗಿಯೇ. ಅವನು ಸುಳ್ಳು ಹೇಳುತ್ತಿಲ್ಲ. ಇದೇ ಅತ್ಯಂತ ಸಂಕಟದ ಗಳಿಗೆ. ಮನೆ ನಿಜವಾಗಿಯೂ ಮಗನಿಗಾಗಿಯೇ ಕಟ್ಟಿದ್ದು. ಅದರ ಹಿಂದೆ ಒಬ್ಬ ಮನುಷ್ಯ ಹೂತುಹೋಗಿರುವುದೂ ಅಷ್ಟೇ ನಿಜ. ಅಂಥ ಕೊಡುಗೆಯನ್ನು ಸ್ವೀಕರಿಸಿದ ಮಗ ಅದರ ಸಾಲವನ್ನೂ ಹೊರಬೇಕಾಗುತ್ತದೆ. ಉಂಗುರ ಅದಾಗಲೇ ಅವನ ಬೆರಳಿನಲ್ಲಿಲ್ಲ. ಅಸೀತಾಳ ಪ್ರಯಾಣದ ಖರ್ಚಿಗೆಂದು ಅವನು ಅದನ್ನು ಮಾರಿದ್ದಾನೆ.

ಇಟಲಿಯಲ್ಲಿರುವ ನೆಂಟರ ಮನೆಗೆ ಹೊರಟ ಅಸೀತಾ ರೈಲು ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದಾಳೆ. ಇನ್ನು ಕೆಲವು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಅವಳು ಕ್ಷೇಮವಾಗಿ ಹೋಗುತ್ತಾಳೆ, ತಂದೆ ಉಳಿಯುತ್ತಾನೆ, ಕೊಟ್ಟ ಮಾತನ್ನೂ ಒಂದು ರೀತಿಯಲ್ಲಿ ನಡೆಸಿದಂತಾಗುತ್ತದೆ. ಆದರೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು, ಬದುಕಿಡೀ ಬಾರದ ಗಂಡನಿಗಾಗಿ ಕಾಯಲು ಬಿಡುವುದು ನೋಡಿಕೊಂಡಂತೆ ಆಗುತ್ತದೆಯೆ? ಇಗೋರ್ ಅವಳ ಬೆನ್ನಿಗೆ ನಿಂತು ನಡೆದದ್ದನ್ನೆಲ್ಲ ನಾಲ್ಕೈದು ವಾಕ್ಯಗಳಲ್ಲಿ ಹೇಳುತ್ತಾನೆ: ಹಮೀದು ಸತ್ತ, ಬಿದ್ದ, ಆಸ್ಪತ್ರೆಗೆ ಒಯ್ಯಬೇಕೆಂದಿದ್ದೆ, ತಂದೆ ಒಪ್ಪಲಿಲ್ಲ, ನಾನು ತಂದೆಯ ಮಾತು ಕೇಳಿದೆ. ಅಸೀತಾ ಅಳುವುದಿಲ್ಲ, ಬಯ್ಯುವುದಿಲ್ಲ, ಕ್ಷಮಿಸುವುದೂ ಇಲ್ಲ. ತಿರುಗಿ ಬಂದ ದಾರಿಯಲ್ಲೇ ನಡೆಯತೊಡಗುತ್ತಾಳೆ. ಹುಡುಗ ಜೊತೆಗೆ ಹೆಜ್ಜೆ ಹಾಕುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಪೊಲೀಸ್ ಠಾಣೆ, ನ್ಯಾಯಾಲಯ, ತೀರ್ಪು ಯಾವುದನ್ನೂ ತೋರಿಸುವುದಿಲ್ಲ.

ಇಗೋರನಾಗಿ ನಟಿಸಿದ ಜೆರೆಮಿ ರೆನಿಯೆ ಆಗ ನಿಜಕ್ಕೂ ಆ ವಯಸ್ಸಿನವನೇ. ಒಂಬತ್ತು ವರ್ಷಗಳ ಬಳಿಕ ‘ಲಾಂಫಾಂ’ ಚಿತ್ರದಲ್ಲಿ ಅದೇ ನಟ ಹೆತ್ತ ಕೂಸನ್ನೇ ದುಡ್ಡಿಗೆ ಮಾರುವ ಎಳೆಯ ತಂದೆಯಾಗಿ ಬಂದ. ರೋಜರನ ಪಾತ್ರದ ಒಲಿವಿಯೆ ಗುರ್ಮೆ, ಅಸೀತಾಳ ಪಾತ್ರದ ಅಸೀತಾ ಉಡ್ರಾಗೊ, ಯಾರಲ್ಲೂ ನಟನೆಯ ಆಡಂಬರವಿಲ್ಲ. ಕೈಯಲ್ಲಿ ಹಿಡಿದ ಕ್ಯಾಮೆರಾ ಪಾತ್ರಗಳ ಹಿಂದೆ ಹಿಂದೆಯೇ ಓಡುತ್ತದೆ.

ವಲಸೆ ಎಂಬುದು ಬೆಲ್ಜಿಯಂಗೆ ಹೊಸತೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಇಟಲಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಟಲಿ ಗಣಿಗಳಿಗೆ ಆಳುಗಳನ್ನು ಕಳುಹಿಸಬೇಕು, ಬೆಲ್ಜಿಯಂ ಕಲ್ಲಿದ್ದಲು ಕೊಡಬೇಕು. 1956ರ ಆಗಸ್ಟ್ 8ರಂದು ಮಾರ್ಸಿನೆಲ್ ಗಣಿಯ ಬೆಂಕಿಯಲ್ಲಿ ಸತ್ತ 262 ಮಂದಿಯಲ್ಲಿ 136 ಜನ ಇಟಲಿಯವರು. 1964ರಲ್ಲಿ ಮೊರಾಕೊ ಮತ್ತು ತುರ್ಕಿಯೊಂದಿಗೆ ಇಂಥವೇ ಒಪ್ಪಂದಗಳಾದವು. 1974ರಲ್ಲಿ ಕೆಲಸ ಕಡಿಮೆಯಾದಾಗ ಸರ್ಕಾರ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದರೂ ಅಗ್ಗದ ಕೂಲಿಯ ಆಸೆ ಉಳಿಯಿತು. ಬಡದೇಶಗಳ ಹಸಿವೂ ಉಳಿಯಿತು. ಇವೆರಡರ ನಡುವಿನ ಸಂದಿಯಲ್ಲಿ ರೋಜರನಂಥವರು ಹುಟ್ಟಿಕೊಂಡರು. ತನ್ನ ಗಡಿಯೊಳಗೆ ಯಾರು ಬರಬೇಕೆಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಚಿತ್ರ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾಗದವಿಲ್ಲ ಎಂಬ ಮಾತ್ರಕ್ಕೆ ಮನುಷ್ಯನ ರಕ್ತ ಅಗ್ಗವಾಗಬಾರದಲ್ಲವೆ? ‘ಅಕ್ರಮ’ ಎಂಬ ಮಾತು ಹೆಜ್ಜೆಗೆ ಸಲ್ಲಬಹುದು, ಮನುಷ್ಯನಿಗೆ ಸಲ್ಲದು. ವಿಶ್ವಸಂಸ್ಥೆಯ ಮಹಾಸಭೆ 1975ರಲ್ಲಿಯೇ ಇಂಥವರನ್ನು ‘ದಾಖಲೆಯಿಲ್ಲದ ಕಾರ್ಮಿಕರು’ ಎಂದು ಕರೆಯುವಂತೆ ಕೇಳಿಕೊಂಡಿತು. ಯುರೋಪಿಯನ್ ಒಕ್ಕೂಟ 2009ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಅಂಥವರನ್ನು ದುಡಿಸಿಕೊಂಡ ಮಾಲೀಕ ದಂಡ ತೆರುವುದಲ್ಲದೆ ಬಾಕಿ ಕೂಲಿಯನ್ನೂ ಕೊಡಬೇಕು. ದಾರ್ದೆನ್ ಸೋದರರು ಈ ವಿಷಯವನ್ನು ಬಿಟ್ಟುಕೊಟ್ಟಿಲ್ಲ. ಅವರ ‘ತೋರಿ ಎ ಲೊಕಿತಾ’ (2022) ಚಿತ್ರ ಆಫ್ರಿಕಾದಿಂದ ಬಂದ ಇಬ್ಬರು ಮಕ್ಕಳ ಇಂಥದೇ ಕತೆ.

ಇದು ದೂರದ ಸೀಮೆಯ ಸಂಕಟ ಮಾತ್ರ ಎಂದು ಭಾರತದ ಪಾಲಕರು ನಿರಾಳವಾಗುವಂತಿಲ್ಲ. 2022ರ ಜನವರಿಯಲ್ಲಿ ಕೆನಡಾದಿಂದ ಅಮೆರಿಕದ ಗಡಿ ದಾಟಲು ನಡೆದುಹೊರಟ ಗುಜರಾತಿನ ಒಂದು ಕುಟುಂಬದ ನಾಲ್ವರು ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಅವರಲ್ಲಿ ಇಬ್ಬರು ಮಕ್ಕಳು. ಕಿರಿಯವನಿಗೆ 3 ವರ್ಷ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಕರ್ನಾಟಕದ ಕರಾವಳಿಯಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಿ, ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡ ಎಂಬ ದೂರು ಹೊಸದಲ್ಲ. ಹೊರದೇಶಕ್ಕೆ ಕೆಲಸಕ್ಕೆ ಕಳುಹಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು 1983ರ ವಲಸೆ ಕಾಯ್ದೆ ವಿಧಿಸಿತು; ಆ ಏಜೆಂಟರ ಪಟ್ಟಿಯನ್ನು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ನೋಡಬಹುದು. ಹಣ ಕಟ್ಟುವ ಮುನ್ನ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ ಮುಂದಿನ ಎಷ್ಟೋ ಕಣ್ಣೀರು ತಪ್ಪುತ್ತದೆ.

ಸುಳ್ಳು ಹೇಳಬಾರದು, ಮಾತಿಗೆ ತಪ್ಪಬಾರದು ಎಂದು ಮಕ್ಕಳಿಗೆ ಪಾಠ ಮಾಡುವುದು ಸುಲಭ. ಆ ಪಾಠವನ್ನು ಮಗು ಒಂದು ದಿನ ಮನೆಯೊಳಗೇ ಬಳಸಿ, ‘ಅಪ್ಪಾ, ಇದು ತಪ್ಪಲ್ಲವೆ?’ ಎಂದು ಕೇಳಿದರೆ ಕೇಳಿಸಿಕೊಳ್ಳುವ ಎದೆಗಾರಿಕೆ ಎಷ್ಟು ಮನೆಗಳಲ್ಲಿದೆ? ಇಗೋರನಿಗೆ ಯಾವ ಶಾಲೆಯೂ, ಯಾವ ಗುರುವೂ ಈ ಪಾಠ ಹೇಳಿರಲಿಲ್ಲ. ಸಾಯುವವನೊಬ್ಬ ಕೇಳಿದ, ಹುಡುಗ ಹೂಂ ಎಂದ. ಆ ಹೂಂ ಎಷ್ಟು ದುಬಾರಿಯೆಂದು ಆಗ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅವನು ಅದನ್ನು ಹಿಂದಕ್ಕೆ ಪಡೆಯಲಿಲ್ಲ.